ಹಸಿರು ಚುಕ್ಕೆ ಇದ್ದರೆ ಸಾಕೆ? ಮಕ್ಕಳ ಡಬ್ಬಿಯ ಪೊಟ್ಟಣದ ತಿಂಡಿ

ಶಾಲೆಗೆ ಹೋಗುವ ಮಕ್ಕಳ ಡಬ್ಬಿಯಲ್ಲಿ ಚಕ್ಕುಲಿ, ಒಗ್ಗರಣೆ ಅವಲಕ್ಕಿಯ ಜಾಗಕ್ಕೆ ಪೊಟ್ಟಣದ ತಿನಿಸು ಬರುತ್ತಿದೆ. ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡ ಜೈನ ತಂದೆತಾಯಿಯರು ಮೊದಲು ಹುಡುಕುವುದು ಹಸಿರು ಚುಕ್ಕೆಯನ್ನು. ಆದರೆ ಆ ಚುಕ್ಕೆ ತಿಂಡಿ ಜೈನಾಚಾರಕ್ಕೆ ಹೊಂದುತ್ತದೆ ಎಂದೂ ಹೇಳುವುದಿಲ್ಲ, ಮಗುವಿನ ಆರೋಗ್ಯಕ್ಕೆ ಒಳ್ಳೆಯದು ಎಂದೂ ಹೇಳುವುದಿಲ್ಲ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮದಲ್ಲಿ ಮಾಂಸ, ಮೊಟ್ಟೆ, ಕೀಟಜನ್ಯ ಪದಾರ್ಥಗಳು ಮಾಂಸಾಹಾರ. ಹಾಲಿನ ಜೊತೆಗೆ ಜೇನುತುಪ್ಪ, ಜೇನುಮೇಣ, ಅರಗನ್ನು ಮಾತ್ರ ಈ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಹಾಗಾಗಿ ಜೇನು ಬೆರೆಸಿದ ಓಟ್ಸ್ ಬಾರ್‌ಗೂ ಹಸಿರು ಚುಕ್ಕೆ ಸಿಗುತ್ತದೆ. ಮದ್ಯ, ಮಾಂಸ, ಮಧುವಿನ ತ್ಯಾಗವನ್ನು ಮೂಲಗುಣವೆಂದು ಪಾಲಿಸುವ ಮನೆಗೆ ಅದು ಹೊಂದದು. ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಆಲೂಗಡ್ಡೆಯಂಥ ಕಂದಮೂಲಗಳೂ ಹಸಿರು ಚುಕ್ಕೆಯ ಒಳಗೇ ಇರುತ್ತವೆ. ‘ಸ್ಟಾರ್ಚ್’ ಎಂದಷ್ಟೇ ಬರೆದಿದ್ದರೆ ಅದು ಮೆಕ್ಕೆಜೋಳದ್ದೋ ಆಲೂಗಡ್ಡೆಯದ್ದೋ ಗೊತ್ತಾಗುವುದಿಲ್ಲ. ಸಂದೇಹವಿದ್ದರೆ ಪೊಟ್ಟಣದ ಮೇಲಿರುವ ಗ್ರಾಹಕ ಸಂಖ್ಯೆಗೆ ಕೇಳುವುದು, ಇಲ್ಲವೇ ಬಿಡುವುದು ಲೇಸು.

ಎರಡನೆಯ ಪ್ರಶ್ನೆ ಆರೋಗ್ಯದ್ದು. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ ಹಾಗೂ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರಲ್ಲೇ ನಿಯಮ ಬಂದಿದೆ. ಮನೆಯಿಂದ ಹೋಗುವ ಡಬ್ಬಿಗೆ ಮಾತ್ರ ಯಾವ ಕಾವಲೂ ಇಲ್ಲ. ಪೊಟ್ಟಣದ ಮುಂಭಾಗದಲ್ಲೇ ನಕ್ಷತ್ರಗಳ ಮೂಲಕ ಪೌಷ್ಟಿಕತೆ ತೋರಿಸುವ ಕರಡನ್ನು ಪ್ರಾಧಿಕಾರ 2022ರಲ್ಲಿ ಹೊರಡಿಸಿತು. ನಕ್ಷತ್ರಕ್ಕಿಂತ ನೇರ ಎಚ್ಚರಿಕೆಯ ಗುರುತೇ ಬೇಕೆಂಬ ವಾದ ಎದ್ದಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯ ಇತ್ಯರ್ಥಪಡಿಸಲು ಮೂರು ತಿಂಗಳ ಗಡುವು ನೀಡಿತು, ಜುಲೈನಲ್ಲಿ ಇನ್ನೂ ಮೂರು ತಿಂಗಳು ವಿಸ್ತರಿಸಿತು. ಮುಂಭಾಗದಲ್ಲಿ ಏನು ಬಂದರೂ ಬರದಿದ್ದರೂ, ಹಿಂಭಾಗ ಓದುವ ಕೆಲಸ ಮನೆಯವರದೇ.

ಅದು ಕಷ್ಟದ ಕೆಲಸವಲ್ಲ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ‘ಮಲ್ಟಿಗ್ರೇನ್’ ಎಂದು ದೊಡ್ಡದಾಗಿ ಬರೆದ ಬಿಸ್ಕತ್ತಿನ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಆಗಿದ್ದರೆ ಅದು ಮೈದಾ ಬಿಸ್ಕತ್ತೇ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ದೊಡ್ಡವರಿಗೇ ದಿನದ ಮಿತಿ 5 ಗ್ರಾಂ. 100 ಗ್ರಾಂಗೆ 30 ಗ್ರಾಂ ಸಕ್ಕರೆಯಿದ್ದರೆ, 30 ಗ್ರಾಂ ಬಿಸ್ಕತ್ತಿನಲ್ಲಿ ಎರಡು ಚಮಚಕ್ಕೂ ಮಿಗಿಲಾದ ಸಕ್ಕರೆ ಮಗುವಿನ ಹೊಟ್ಟೆಗೆ ಹೋಗುತ್ತದೆ. ಲೇಬಲ್ಲಿನ ಶೇಕಡಾವಾರು ಅಂಕಿಗಳು 2000 ಕಿಲೋಕ್ಯಾಲೊರಿ ಬೇಕಾದ ದೊಡ್ಡವರ ಅಳತೆಯವು. ಆರು ವರ್ಷದ ಮಗುವಿಗೆ ಅದೇ ಅಂಕಿ ಹೆಚ್ಚಿನ ಪಾಲಾಗುತ್ತದೆ.

‘ಜೈನ್’ ಎಂದು ಅಚ್ಚಾದ ಪೊಟ್ಟಣಕ್ಕೂ ಇದೇ ಪರೀಕ್ಷೆ ಬೇಕು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಬಾಳೆಕಾಯಿ ಚಿಪ್ಸ್ ಆಚಾರಕ್ಕೆ ಸರಿಹೊಂದಬಹುದು. ಎಣ್ಣೆ, ಉಪ್ಪು ಮಾತ್ರ ಅಷ್ಟೇ ಇರುತ್ತದೆ. ಪೊಟ್ಟಣದಲ್ಲೇ ಕೊಡಬೇಕಾದರೆ ಹುರಿಗಡಲೆ, ಹುರಿದ ಕಡಲೆಬೀಜ, ಸಕ್ಕರೆ ಬೆರೆಸದ ಒಣದ್ರಾಕ್ಷಿ, ಖರ್ಜೂರದಂಥ, ಪಟ್ಟಿಯಲ್ಲಿ ಒಂದೆರಡೇ ಹೆಸರಿರುವ ತಿನಿಸುಗಳು ಎರಡೂ ಪರೀಕ್ಷೆಯಲ್ಲಿ ಗೆಲ್ಲುತ್ತವೆ.

ಡಬ್ಬಿ ಹಂಚಿಕೊಂಡು ತಿನ್ನುವ ವಯಸ್ಸಿನಲ್ಲಿ ಮಕ್ಕಳ ಮೇಲೆ ಸದಾ ಕಣ್ಣಿಡಲಾಗದು. ಆದ್ದರಿಂದ ಓದಲು ಬರುವ ಮಗುವಿನ ಕೈಗೇ ಪೊಟ್ಟಣ ಕೊಟ್ಟು, ಹಿಂಭಾಗದ ಪಟ್ಟಿಯನ್ನು ಓದಿಸುವುದು ಒಳ್ಳೆಯ ಅಭ್ಯಾಸ. ಏನು ತಿನ್ನುತ್ತಿದ್ದೇನೆಂದು ತಿಳಿದು ತಿನ್ನುವ ವಿವೇಕ, ಬೇಡವೆನ್ನುವ ಸಂಯಮ ಅಲ್ಲಿಂದಲೇ ಆರಂಭವಾಗಬಹುದು.