ಕೇಳುವ ಮೊದಲೇ

ರಾಮನವಮಿಯ ದಿನ ಬೆಂಗಳೂರಿನ ಬೀದಿಗಳಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಪೆಂಡಾಲಿನ ಮುಂದೆ ನಿಂತವರನ್ನು ಯಾವ ಊರು, ಯಾರ ಪೈಕಿ ಎಂದು ಯಾರೂ ವಿಚಾರಿಸುವುದಿಲ್ಲ. ಲೋಟ ತಾನಾಗಿ ಕೈಗೆ ಬರುತ್ತದೆ. ಮರುದಿನ ಪೆಂಡಾಲು ಬಿಚ್ಚುತ್ತಾರೆ. ಬಿಸಿಲು ಮಾತ್ರ ಮೇ ತಿಂಗಳವರೆಗೂ ಕಾಯುತ್ತಲೇ ಇರುತ್ತದೆ.

ದಾರಿಹೋಕರಿಗೆ ಹೀಗೆ ನೀರು ಕೊಡುವ ಅರವಟ್ಟಿಗೆಗೆಂದು ದತ್ತಿ ಬಿಟ್ಟದ್ದನ್ನು ನಮ್ಮ ಹಳೆಯ ಶಾಸನಗಳು ಹೇಳುತ್ತವೆ. ಹಳ್ಳಿ ದಾರಿಗಳಲ್ಲಿ ಹೊರೆಗಲ್ಲುಗಳೂ ಇದ್ದವು: ನಿಲ್ಲಿಸಿದ ಎರಡು ಕಲ್ಲು, ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ತಲೆಹೊರೆ ಹೊತ್ತವರು ಒಂಟಿಯಾಗಿದ್ದರೂ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಬಹುದಿತ್ತು. ‘ಸ್ವಲ್ಪ ಕೈ ಕೊಡಣ್ಣಾ’ ಎಂದು ಯಾರ ದಾರಿಯನ್ನೂ ಕಾಯಬೇಕಿರಲಿಲ್ಲ. ನನಗೆ ಬಹಳ ದೊಡ್ಡದಾಗಿ ಕಾಣುವುದು ಇದು. ಮುಂದೆಂದೋ ಆ ದಾರಿಯಲ್ಲಿ ಬರಲಿದ್ದ, ಮುಖ ಕಾಣದ ಒಬ್ಬರ ಕುತ್ತಿಗೆ ನೋವನ್ನು ಯಾರೋ ಮೊದಲೇ ನೆನೆದಿದ್ದರು.

ಕೆರೆಯ ಊರಾಗಿದ್ದ ಬೆಂಗಳೂರಿನ ಜಕ್ಕೂರು ಬಳ್ಳಾರಿ ರಸ್ತೆ ಬೆಳೆದಂತೆ ಅಪಾರ್ಟ್‌ಮೆಂಟುಗಳ ಊರಾಗಿದೆ. ಈಗಿನ ಹೊರೆಯವರು ಬೆನ್ನಿಗೆ ಚೌಕದ ಬ್ಯಾಗು ಕಟ್ಟಿಕೊಂಡ ಡೆಲಿವರಿ ಹುಡುಗರು, ಟ್ಯಾಂಕರ್ ಚಾಲಕರು, ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ‘ಯಕ್ಕಾ, ಕುಡಿಯಾಕ ನೀರ ಕೊಡ್ರಿ’ ಎನ್ನುವ ಧೈರ್ಯ ಕೆಲವರಿಗಿರುತ್ತದೆ. ಹೆಚ್ಚಿನವರು, ಮನೆಯವರು ಏನಂದುಕೊಳ್ಳುತ್ತಾರೋ ಎಂದು, ಒಣ ಬಾಯಲ್ಲೇ ಮುಂದಿನ ಮನೆಗೆ ಹೋಗುತ್ತಾರೆ. ಗೇಟಿನಲ್ಲಿ ಅವರ ಹೆಸರು, ಫೋನ್ ನಂಬರ್ ಬರೆಸಿಕೊಳ್ಳುವ ನಾವು ಬಾಯಾರಿದೆಯೇ ಎಂದು ಕೇಳುವುದಿಲ್ಲ. ಎಷ್ಟೋ ಕಡೆ ಅವರಿಗೆ ಲಿಫ್ಟೂ ಬೇರೆ. ಇದು ನೋವಿನ ಸಂಗತಿ. ಡೆಲಿವರಿ ಹುಡುಗರಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ತಂದಿತು, ಆಗಲೇಬೇಕಿದ್ದ ಕೆಲಸ. ಆದರೆ ನಮ್ಮ ಗೇಟಿನ ಬಳಿಯ ಬಾಯಾರಿಕೆ ನಮ್ಮ ಪಾಲಿನದೇ.

ಗೇಟಿನ ಬಳಿ ನೆರಳಿರುವ ಕಡೆ ಮುಚ್ಚಳವಿರುವ ಒಂದು ಮಣ್ಣಿನ ಮಡಕೆ, ನಲ್ಲಿ, ಎರಡು ಲೋಟ ಇಟ್ಟರೆ ಸಾಕು. ದಿನವೂ ತೊಳೆದು ತುಂಬಲು ಮನೆಮನೆಗೆ ಸರದಿ. ಪಕ್ಕದಲ್ಲಿ ಕೂರಲು ಒಂದು ಬೆಂಚು ಹಾಕಿದರೆ ಇನ್ನೂ ಒಳ್ಳೆಯದು. ಕಾವಲುಗಾರರ ಶೌಚಾಲಯ ಹೊರಗಿನಿಂದ ಕೆಲಸಕ್ಕೆ ಬಂದವರಿಗೂ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ತೆರೆದಿರಲಿ. ನೀರು ಕೇಳುವುದಕ್ಕಿಂತ ಶೌಚಾಲಯ ಕೇಳುವುದು ಅವರಿಗೆ ಕಷ್ಟ. ಮಡಕೆಯ ಮೇಲೆ ದಾನಿಗಳ ಹೆಸರು ಬೇಡ. ‘ಕುಡಿಯುವ ನೀರು, ಎಲ್ಲರಿಗೂ’ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ದೊಡ್ಡದಾಗಿ ಬರೆದಿಡಬೇಕು, ಸಂಕೋಚದಿಂದ ದೂರ ನಿಂತವರಿಗೂ ಕಾಣುವಷ್ಟು.