ಸಕ್ಕರೆ ಕಾಯಿಲೆಯೊಡನೆ ಸಮುದ್ರೋಲ್ಲಂಘನ

2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ಹೆಬ್ಬಾಳ, ಯಲಹಂಕಗಳ ಸಂಸಾರಗಳಿಗೆ ಅಮೆರಿಕ ನೆರೆಮನೆಯಷ್ಟು ಹತ್ತಿರವಾಗಿಬಿಟ್ಟಿದೆ. ಜಾಲಹಳ್ಳಿಯ ಕಾರ್ಖಾನೆಗಳಲ್ಲಿಯೋ ಯಲಹಂಕದ ರೈಲುಗಾಲಿ ಕಾರ್ಖಾನೆಯಲ್ಲಿಯೋ ಮೂವತ್ತು ವರ್ಷ ದುಡಿದು ನಿವೃತ್ತರಾದ ತಂದೆ, ಮನೆವಾರ್ತೆ ನಡೆಸಿ ದಣಿದ ತಾಯಿ, ಕ್ಯಾಲಿಫೋರ್ನಿಯದಲ್ಲಿ ಮಗಳು, ಮಗಳಿಗೆ ಚೊಚ್ಚಲ ಬಾಣಂತನ. ಚಟ್ನಿಪುಡಿ, ಬಾಣಂತಿ ಲೇಹ್ಯ, ಮಗುವಿಗೆ ಕುಲಾವಿ ಎಲ್ಲವೂ ತಿಂಗಳ ಮುಂಚೆಯೇ ಪೆಟ್ಟಿಗೆ ಸೇರುತ್ತವೆ. ವಿಮೆಯ ನೆನಪಾಗುವುದು ಮಾತ್ರ ಹೊರಡುವುದಕ್ಕೆ ನಾಲ್ಕು ದಿನವಿರುವಾಗ. ಅತ್ತಲಿಂದ ಅಳಿಯಂದಿರು ಅರ್ಜಿಯನ್ನು ತುಂಬುತ್ತ ಕೇಳುತ್ತಾರೆ: “ಮಾವನವರಿಗೆ ಕಾಯಿಲೆ ಏನಾದರೂ ಉಂಟೆ?” ಹತ್ತು ವರ್ಷಗಳಿಂದ ದಿನಕ್ಕೆರಡು ಮಾತ್ರೆ ನುಂಗುತ್ತಿರುವ ಮಾವನವರು, “ಏನೂ ಇಲ್ಲಪ್ಪ, ಗುಂಡುಕಲ್ಲಿನ ಹಾಗಿದ್ದೇನೆ” ಎಂದು ಉತ್ತರ ಕೊಡುತ್ತಾರೆ.

ಇಡೀ ಪ್ರಯಾಣದಲ್ಲಿ ಇದಕ್ಕಿಂತ ದುಬಾರಿಯಾದ ಮಾತು ಮತ್ತೊಂದಿಲ್ಲ. ಕಾಯಿಲೆಯ ಹೆಸರೆತ್ತಿದರೆ ವಿಮೆಯನ್ನೇ ಕೊಡುವುದಿಲ್ಲ, ಕೊಟ್ಟರೂ ಕಂತು ಮೂರುಪಟ್ಟಾಗುತ್ತದೆ ಎಂಬ ಭೀತಿ ನಮ್ಮ ಹಿರಿಯರಲ್ಲಿ ಬೇರೂರಿದೆ. ವಾಸ್ತವವಾಗಿ ಹತೋಟಿಯಲ್ಲಿರುವ ಮಧುಮೇಹಕ್ಕೂ ರಕ್ತದೊತ್ತಡಕ್ಕೂ ವಿಮೆ ಸಾಮಾನ್ಯವಾಗಿ ದೊರೆಯುತ್ತದೆ. ಸಂದೇಹವಿರುವುದು ವಿಮೆ ದೊರೆಯುವುದರಲ್ಲಲ್ಲ. ಆ ವಿಮೆ ಹಳೆಯ ಕಾಯಿಲೆಯ ಪಾಲಿಗೆ ಏನು ಕೊಡುತ್ತದೆ ಎಂಬುದರಲ್ಲಿ.

ಒಂದು ಮೊಕದ್ದಮೆಯ ವಿಚಾರವನ್ನು ವಾಚಕರು ಗಮನಿಸಬೇಕು. 2009ರ ಮೇ ತಿಂಗಳಿನಲ್ಲಿ ಬಂಧುಗಳ ಮದುವೆಗೆಂದು ಅಮೆರಿಕಕ್ಕೆ ಹೊರಟ ಒಬ್ಬರು ಸರ್ಕಾರಿ ಸ್ವಾಮ್ಯದ ಯುನೈಟೆಡ್ ಇಂಡಿಯಾ ಸಂಸ್ಥೆಯಿಂದ ಪ್ರಯಾಣ ವಿಮೆ ಪಡೆದಿದ್ದರು. ತಮಗೆ ಮಧುಮೇಹವಿರುವುದನ್ನು ತಿಳಿಸಿದ್ದರು, ವೈದ್ಯಪರೀಕ್ಷೆಯೂ ನಡೆದಿತ್ತು. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದಲ್ಲಿ ಇಳಿಯುತ್ತಲೇ ಮೈ ಬೆವರಿ ನಿಶ್ಶಕ್ತಿಯಾಯಿತು. ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಗಳಿಗೆ ಮೂರು ಸ್ಟೆಂಟ್‌ಗಳನ್ನು ಅಳವಡಿಸಬೇಕಾಯಿತು. ರಕ್ತದಲ್ಲಿನ ಕೊಬ್ಬಿನ ವಿಚಾರವನ್ನೂ ಅದರ ಸಲುವಾಗಿ ಸೇವಿಸುತ್ತಿದ್ದ ಸ್ಟ್ಯಾಟಿನ್ ಮಾತ್ರೆಯನ್ನೂ ತಿಳಿಸಿರಲಿಲ್ಲವೆಂದು ಆಕ್ಷೇಪಿಸಿ ಸಂಸ್ಥೆ ಹಣ ಕೊಡಲು ನಿರಾಕರಿಸಿತು. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿಯೂ ಅವರಿಗೆ ಸೋಲಾಯಿತು. ಕೊನೆಗೆ 2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಂದ್ರಚೂಡ್ ಹಾಗೂ ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಹಣ ಕೊಡತಕ್ಕದ್ದೆಂದು ತೀರ್ಪಿತ್ತಿತು. ಮಧುಮೇಹವಿದೆಯೆಂದು ತಿಳಿದೂ ವಿಮೆ ಕೊಟ್ಟ ಮೇಲೆ, ಅದೇ ಕಾಯಿಲೆಯನ್ನು ಮುಂದೊಡ್ಡಿ ಸಂಸ್ಥೆ ಜಾರಿಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ಸಾರ.

ಅವರನ್ನು ಕಾಪಾಡಿದ್ದು ಅರ್ಜಿಯಲ್ಲಿ ಬರೆದಿದ್ದ ಆ ಒಂದು ಪದ. 2009ರಲ್ಲಿ ತೀರ್ಮಾನವಾದ ಮತ್ತೊಂದು ಮೊಕದ್ದಮೆಯಲ್ಲಿ, ಮಧುಮೇಹವನ್ನೂ ಮೂತ್ರಪಿಂಡದ ಬೇನೆಯನ್ನೂ ಮುಚ್ಚಿಟ್ಟಿದ್ದವರ ಕುಟುಂಬಕ್ಕೆ ಅದೇ ನ್ಯಾಯಾಲಯ ಏನನ್ನೂ ಕೊಡಿಸಲಿಲ್ಲ. ಆದರೆ ಗೆದ್ದವರೂ ಹನ್ನೆರಡು ವರ್ಷ ಅಲೆಯಬೇಕಾಯಿತಲ್ಲ! ಆದುದರಿಂದ ಕಾಯಿಲೆಯ ಹೆಸರಿನೊಡನೆ ನುಂಗುವ ಪ್ರತಿಯೊಂದು ಮಾತ್ರೆಯ ಹೆಸರನ್ನೂ ಬರೆಯುವುದು ಲೇಸು. “ಅದು ಬರಿಯ ಮುನ್ನೆಚ್ಚರಿಕೆಗೆ ಕೊಟ್ಟದ್ದು” ಎಂದು ಯಾವುದನ್ನೂ ಕೈಬಿಡಬಾರದು.

ಇನ್ನು ಕರಾರುಪತ್ರ. ಊರಿನ ಆರೋಗ್ಯ ವಿಮೆಯಲ್ಲಾದರೆ ಹಳೆಯ ಕಾಯಿಲೆಗೆ ಕಾಯಿಸುವ ಅವಧಿ ಮೂರು ವರ್ಷ ಮೀರಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಗೊತ್ತುಮಾಡಿತು. ಮೂರು ತಿಂಗಳ ಪ್ರವಾಸಿಗೆ ಮೂರು ವರ್ಷದ ಲೆಕ್ಕ ಯಾವ ಉಪಯೋಗಕ್ಕೆ? ವಿದೇಶ ಪ್ರಯಾಣದ ವಿಮೆಯ ದಾರಿಯೇ ಬೇರೆ. ಕೆಲವು ಕರಾರುಗಳು ಹಳೆಯ ಕಾಯಿಲೆಯನ್ನು ಸಾರಾಸಗಟಾಗಿ ಹೊರಗಿಡುತ್ತವೆ. ಅಗ್ಗದ ವಿಮೆಗಳಲ್ಲಿ ಹೆಚ್ಚಿನವು ಈ ಜಾತಿಯವು. ಕೆಲವು, ಪ್ರಾಣಕ್ಕೇ ಸಂಚಕಾರ ಬಂದ ಪಕ್ಷದಲ್ಲಿ ರೋಗಿಯ ಸ್ಥಿತಿ ಸುಧಾರಿಸುವವರೆಗೆ ಮಾತ್ರ, ಅದೂ ಒಂದು ಮಿತಿಯೊಳಗೆ, ವೆಚ್ಚ ವಹಿಸುತ್ತವೆ. ಮುಖಪುಟದಲ್ಲಿ ಐದು ಲಕ್ಷ ಡಾಲರ್ ಎಂದು ಢಾಳಾಗಿ ಅಚ್ಚಾಗಿರುತ್ತದೆ. ಅರವತ್ತು ದಾಟಿದವರಿಗೆ ಕೊಠಡಿಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಎಂಬ ಕತ್ತರಿ ಒಳಪುಟದ ಸಣ್ಣಕ್ಷರಗಳಲ್ಲಿ ಅಡಗಿರುತ್ತದೆ. ಅಮೆರಿಕದಲ್ಲಿಯೇ ಮಾರಾಟವಾಗುವ ಸಂದರ್ಶಕರ ವಿಮೆಗಳಲ್ಲಿ ಹಳೆಯ ಕಾಯಿಲೆ ‘ಹಠಾತ್ತಾಗಿ ಉಲ್ಬಣಿಸಿದರೆ’ ಎಂಬ ಕರಾರು ಬಳಕೆಯಲ್ಲಿದೆ. ಮುನ್ಸೂಚನೆಯಿಲ್ಲದೆ ಬಂದಿರಬೇಕು, ಸಾಮಾನ್ಯವಾಗಿ 24 ಗಂಟೆಗಳೊಳಗೆ ಚಿಕಿತ್ಸೆಗೆ ಹೋಗಿರಬೇಕು. “ಎರಡು ದಿನದಿಂದ ಎದೆ ಭಾರವಾಗಿತ್ತು, ಮಗಳಿಗೇಕೆ ತೊಂದರೆ ಎಂದು ಸುಮ್ಮನಿದ್ದೆ” ಎನ್ನುವ ನಮ್ಮ ತಾಯಂದಿರ ಸಹನೆಗೆ ಆ ಕರಾರಿನಲ್ಲಿ ಬೆಲೆಯಿಲ್ಲ. ಹಳೆಯ ಕಾಯಿಲೆಯನ್ನು ಪೂರ್ತಿಯಾಗಿ ಒಳಗೊಳ್ಳುವ ವಿಮೆಗಳು ವಿರಳ, ಕಂತೂ ಭಾರಿ.

ಹಾಗಾದರೆ ಮಿತವ್ಯಯ ಸಾಧ್ಯವಾಗುವುದೆಲ್ಲಿ? ಹೆರಿಗೆಗೆಂದು ಹೋಗುವವರು ಆರು ತಿಂಗಳ ಬದಲು ನಾಲ್ಕು ತಿಂಗಳು ನಿಂತರೆ ಕಂತು ಅಷ್ಟರಮಟ್ಟಿಗೆ ಇಳಿಯುತ್ತದೆ. ವಯಸ್ಸಿನ ಮೆಟ್ಟಿಲು ಏರಿದಂತೆಲ್ಲ ಕಂತೂ ಏರುವುದರಿಂದ, ಎಪ್ಪತ್ತು ತುಂಬುವ ಮೊದಲೇ ಹೊರಡುವುದು ಜಾಣತನ. ಮೊದಲ ಕೆಲವು ನೂರು ಡಾಲರ್‌ಗಳನ್ನು ನಾವೇ ಭರಿಸುತ್ತೇವೆಂದು ಒಪ್ಪಿದರೂ ಕಂತು ತಗ್ಗುತ್ತದೆ. ಸಣ್ಣ ಜ್ವರದ ಖರ್ಚನ್ನು ಮಗಳು ಅಳಿಯ ತಾಳಿಯಾರು. ಆಸ್ಪತ್ರೆಯ ಹಾಸಿಗೆಯ ಖರ್ಚೇ ಸಂಸಾರವನ್ನು ಮುಳುಗಿಸತಕ್ಕದ್ದು. ಅಮೆರಿಕದಲ್ಲಿ 1986ರ ಕಾನೂನಿನಂತೆ ತುರ್ತು ಸ್ಥಿತಿಯಲ್ಲಿ ಬಂದ ರೋಗಿಯನ್ನು ಆಸ್ಪತ್ರೆಗಳು ಹಣವಿಲ್ಲವೆಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಬಿಲ್ಲು ಮಾತ್ರ ಮನೆಗೆ ಬಂದೇ ಬರುತ್ತದೆ. ಯೂರೋಪಿನ ಷೆಂಗೆನ್ ವೀಸಾಕ್ಕೆ 30,000 ಯೂರೋಗಳ ವಿಮೆ ಕಡ್ಡಾಯ. ಆ ಪತ್ರ ತೋರಿಸಿದರೆ ವೀಸಾದ ಷರತ್ತು ಪೂರೈಸುತ್ತದೆಯೇ ಹೊರತು, ಹಳೆಯ ಕಾಯಿಲೆ ಅದರಲ್ಲಿ ಅಡಕವಾಗಿದೆಯೆಂದು ಭಾವಿಸಲಾಗದು.

ಕೆನಡಾದಲ್ಲಿ ಮಕ್ಕಳಿರುವವರಿಗೆ ಒಂದು ವಿಶೇಷ ಎಚ್ಚರಿಕೆ. ಅಲ್ಲಿನ ಸರ್ಕಾರ 2011ರಲ್ಲಿ ತಂದೆತಾಯಿಗಳಿಗಾಗಿ ಆರಂಭಿಸಿದ ‘ಸೂಪರ್ ವೀಸಾ’ಕ್ಕೆ ಒಂದು ವರ್ಷದ, ಒಂದು ಲಕ್ಷ ಕೆನಡಾ ಡಾಲರ್‌ಗಳ ವಿಮೆ ಬೇಕು. ಅಲ್ಲಿನ ಅನೇಕ ಕರಾರುಗಳು ಹಳೆಯ ಕಾಯಿಲೆಯನ್ನು ಒಪ್ಪುವುದು ಅದು 90 ಅಥವಾ 180 ದಿನಗಳಿಂದ ‘ಸ್ಥಿರ’ವಾಗಿದ್ದರೆ ಮಾತ್ರ. ಈ ನಡುವೆ ಮಾತ್ರೆಯ ಪ್ರಮಾಣ ಹೆಚ್ಚಿದರಷ್ಟೇ ಅಲ್ಲ, ತಗ್ಗಿದರೂ ಸ್ಥಿರತೆ ಮುರಿಯಿತೆಂದೇ ಲೆಕ್ಕ! ಹಾಗೆಂದು ವೈದ್ಯರು ಬದಲಿಸಿದ ಔಷಧವನ್ನು ನಿರಾಕರಿಸುವುದು ಮೂರ್ಖತನ. ಹೊರಡುವ ಮುನ್ನಾ ವಾರದಲ್ಲಿ ಮಾಡಿಸುವ ತಪಾಸಣೆಯನ್ನು ಆರೇಳು ತಿಂಗಳು ಮೊದಲೇ ಮಾಡಿಸಿಕೊಂಡರೆ ಆಗಬಹುದಾದ ಬದಲಾವಣೆ ಆಗಲೇ ಆಗಿಹೋಗುತ್ತದೆ. ಆಗ ವೈದ್ಯರಿಂದ ಕಾಯಿಲೆ, ಔಷಧ, ಪ್ರಮಾಣಗಳನ್ನು ವಿವರಿಸುವ ಪತ್ರವೊಂದನ್ನೂ ಬರೆಸಿಟ್ಟುಕೊಳ್ಳಬೇಕು. ಔಷಧಗಳನ್ನು ವಿಮಾನದಲ್ಲಿ ಕೈಚೀಲದಲ್ಲಿಯೇ ಒಯ್ಯತಕ್ಕದ್ದು. ದೊಡ್ಡ ಪೆಟ್ಟಿಗೆ ದಾರಿ ತಪ್ಪುವುದುಂಟು.

ಯಶವಂತಪುರದಿಂದ ರೈಲಿನಲ್ಲಿ ಉತ್ತರ ಭಾರತದ ಯಾತ್ರೆಗೆ ಹೊರಡುವವರೂ ಒಂದು ಮಾತು ತಿಳಿದಿರಲಿ. ಟಿಕೆಟ್ಟಿನೊಡನೆ ಒಂದು ರೂಪಾಯಿಗೂ ಕಡಿಮೆ ಬೆಲೆಗೆ ಸಿಗುವ ವಿಮೆ ರೈಲು ಅಪಘಾತಕ್ಕೆ ಮಾತ್ರ. ದಾರಿಯಲ್ಲಿ ಸಕ್ಕರೆ ಏರಿದರೆ ನೆರವಿಗೆ ಬರುವುದು ಮನೆಯ ಆರೋಗ್ಯ ವಿಮೆಯೇ. ಅದರ ಚೀಟಿ ಜೊತೆಯಲ್ಲಿರಬೇಕು.

ನ್ಯಾಯವಾದ ಹಣವನ್ನು ಇಲ್ಲಿನ ಸಂಸ್ಥೆ ಕೊಡದೆಹೋದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಬೇಕು. ತಿಂಗಳೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ವಿಮಾ ಓಂಬುಡ್ಸ್‌ಮನ್ ಅವರಲ್ಲಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ನಿರಾಕರಣೆಯ ಪತ್ರ ಬಂದ ಒಂದು ವರ್ಷದೊಳಗೆ ದೂರು ಸಲ್ಲಬೇಕು. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಯಲಹಂಕದವರಿಗೆ ಅದು ಊರಿನ ಇನ್ನೊಂದು ತುದಿ. ದೂರನ್ನು ಅಂಚೆಯಲ್ಲಿಯೂ ಕಳುಹಿಸಬಹುದು.