ನಾಸ್ತಿಕನು ತೋರಿದ ಯೇಸು

ತಪಸ್ಸುಕಾಲದಲ್ಲಿ ಮನೆಮಂದಿಯೆಲ್ಲ ಕುಳಿತು ನೋಡುವ ಚಿತ್ರಗಳ ಯೇಸುವನ್ನು ನೆನೆಯಿರಿ: ನೀಲಿ ಕಣ್ಣು, ನುಣುಪಾದ ಕೂದಲು, ಹಿನ್ನೆಲೆಯಲ್ಲಿ ಮನ ಕರಗಿಸುವ ಸಂಗೀತ. ಕಣ್ಣೀರು ಸುರಿಸಿ ಎದ್ದುಹೋಗುತ್ತೇವೆ. ನಮ್ಮೊಳಗೆ ಏನೂ ಕದಲುವುದಿಲ್ಲ.

ಇಟಲಿಯ ಪಸೋಲಿನಿ 1964ರಲ್ಲಿ 'ದ ಗಾಸ್ಪೆಲ್ ಅಕಾರ್ಡಿಂಗ್ ಟು ಸೇಂಟ್ ಮ್ಯಾಥ್ಯೂ' ಎಂಬ ಕಪ್ಪು-ಬಿಳುಪು ಚಿತ್ರವನ್ನು ನಿರ್ದೇಶಿಸಿದ. ಆತ ಮಾರ್ಕ್ಸ್‌ವಾದಿ, ನಾಸ್ತಿಕ. ಹಿಂದಿನ ವರ್ಷವಷ್ಟೇ ಬೇರೊಂದು ಚಿತ್ರಕ್ಕಾಗಿ ಧರ್ಮನಿಂದನೆಯ ಆರೋಪದಲ್ಲಿ ಶಿಕ್ಷೆಗೆ ಗುರಿಯಾಗಿದ್ದವನು. ಇಂಥವನಿಂದ ನಾವು ಕಲಿಯುವುದೇನು ಎನ್ನುವಿರಾ? ಚಿತ್ರದ ಮಾತುಗಳು ಬಹುಮಟ್ಟಿಗೆ ಸಂತ ಮತ್ತಾಯನವೇ. ಯೇಸುವಾಗಿ ನಿಂತವನು ಸ್ಪೇನಿನ ಒಬ್ಬ ವಿದ್ಯಾರ್ಥಿ. ಸುತ್ತಲೂ ದಕ್ಷಿಣ ಇಟಲಿಯ ಬಡವರ ಒರಟು ಮುಖಗಳು. ಶಿಲುಬೆಯೆದುರು ಕುಸಿಯುವ ವೃದ್ಧ ಮರಿಯಮ್ಮ ನಿರ್ದೇಶಕನ ಸ್ವಂತ ತಾಯಿ. ಆಕೆ 1945ರಲ್ಲಿ ಕಿರಿಯ ಮಗನ ಕೊಲೆಯ ದುಃಖವುಂಡವಳು. ಆ ಅಳುವನ್ನು ನಟನೆಯೆನ್ನಲು ನನಗೆ ಬಾಯಿ ಬರದು.

ಈ ಯೇಸು ಬಿರುಸಾಗಿ ನಡೆಯುತ್ತಾನೆ, ಫರಿಸಾಯರನ್ನು ಗದರಿಸುತ್ತಾನೆ, ಸಿರಿವಂತರಿಗೆ ರಿಯಾಯಿತಿ ಕೊಡುವುದಿಲ್ಲ. ಅದಕ್ಕೇ ನಮಗೆ ಬೇಡವಾದನೇನೋ!

ಚಿತ್ರ ಅರ್ಪಿತವಾದದ್ದು ಜಗದ್ಗುರು 23ನೇ ಜಾನ್‌ರ ಸ್ಮರಣೆಗೆ. 1995ರಲ್ಲಿ ವ್ಯಾಟಿಕನ್ ಪಟ್ಟಿಮಾಡಿದ 45 ಮಹತ್ವದ ಚಿತ್ರಗಳಲ್ಲಿ ಇದೂ ಒಂದು. ರೋಮ್ ಮನ್ನಿಸಿದ್ದಕ್ಕೆ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಜಾಗವಿಲ್ಲವೇ? ಬರುವ ತಪಸ್ಸುಕಾಲದ ಒಂದು ಶುಕ್ರವಾರ, ಶಿಲುಬೆಹಾದಿಯ ತರುವಾಯ, ಇದನ್ನೇ ತೋರಿಸಿರಿ. ಎರಡು ಗಂಟೆ ಮೀರಿದ ಚಿತ್ರ. ಮಕ್ಕಳು ತೂಕಡಿಸಿದರೆ ತೂಕಡಿಸಲಿ.